ಕುಂಟುವುದು ನಿಂತ ಮೇಲೆ

ಬೆಕ್ಕಿನ ಕಾಲು ಉಳುಕಿದಾಗ ಮನೆಯಲ್ಲಿ ನಡೆಯುವುದು ಹೆಚ್ಚಾಗಿ ಹೀಗೆ. ಮೊದಲ ದಿನ ಅದು ಒಂದು ಕಾಲೆತ್ತಿಕೊಂಡು ಮೂರೇ ಕಾಲಲ್ಲಿ ನಡೆಯುತ್ತದೆ, ಮನೆಮಂದಿಗೆ ಊಟ ಸೇರುವುದಿಲ್ಲ. ಮರುದಿನ ಆ ಕಾಲನ್ನು ಮೆಲ್ಲನೆ ನೆಲಕ್ಕೆ ತಾಗಿಸುತ್ತದೆ. ನಾಲ್ಕನೆಯ ದಿನಕ್ಕೆ ನಡಿಗೆ ಸುಮಾರಾಗಿ ಸರಿಹೋಗಿರುತ್ತದೆ. ವಾರ ಕಳೆಯುವುದರೊಳಗೆ ಫ್ರಿಜ್ ಮೇಲೆ ಹಾರಿ ಕೂತಿರುತ್ತದೆ. ‘ಅಬ್ಬ, ಗುಣವಾಯಿತು’ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಮತ್ತೆರಡು ದಿನ ಹೋಗಲಿ, ಅದೇ ಕಾಲು, ಅದೇ ಕುಂಟು, ಈ ಸಲ ನೋವು ಮೊದಲಿಗಿಂತ ಜಾಸ್ತಿ.

ಈ ಎರಡನೆಯ ಪೆಟ್ಟನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅದಕ್ಕೆ ದುಬಾರಿ ಔಷಧಿಯೇನೂ ಬೇಡ. ನೋವು ಹೋದಂತೆ ಕಂಡ ಮೇಲೂ ಬೆಕ್ಕನ್ನು ನೆಲದ ಮೇಲೆಯೇ ಇರಿಸಿಕೊಳ್ಳುವ ಹಠ ಬೇಕು. ಮೂಳೆ ಮುರಿಯದೆ ಬರೀ ಸ್ನಾಯುವಿಗೋ ರಜ್ಜುವಿಗೋ ಆದ ಪೆಟ್ಟಿನಲ್ಲಿ ಮೊದಲ ಮೂರು ನಾಲ್ಕು ದಿನ ಊತ, ಬಿಸಿ, ನೋವು ಇರುತ್ತವೆ. ಊತ ಇಳಿದಂತೆ ನೋವೂ ಇಳಿಯುತ್ತದೆ. ಆದರೆ ಹರಿದ ಎಳೆಗಳ ಜಾಗದಲ್ಲಿ ಹೊಸ ಎಳೆಗಳು ಭರದಿಂದ ಬೆಳೆಯತೊಡಗುವುದು ಆ ಹೊತ್ತಿಗೆ. ಮೊದಮೊದಲು ಬರುವ ಎಳೆಗಳು ಅಡ್ಡಾದಿಡ್ಡಿಯಾಗಿರುತ್ತವೆ, ಬಲವಿರುವುದಿಲ್ಲ. ಅವು ಎಳೆತದ ದಿಕ್ಕಿಗೆ ಹೊಂದಿಕೊಂಡು ಗಟ್ಟಿಯಾಗಲು ವಾರಗಳು ಬೇಕು. ಮೂಳೆಗೆ ಮೂಳೆಯನ್ನು ಕಟ್ಟಿರುವ ರಜ್ಜುವಿಗೆ ಪೆಟ್ಟಾಗಿದ್ದರೆ ತಿಂಗಳುಗಳೇ ಬೇಕು, ಏಕೆಂದರೆ ಸ್ನಾಯುವಿಗೆ ಹರಿಯುವಷ್ಟು ರಕ್ತ ಅಲ್ಲಿಗೆ ಹರಿಯುವುದಿಲ್ಲ. ನೋವು ಇಳಿದು, ಎಳೆ ಇನ್ನೂ ಬಲಿಯದೆ ಇರುವ ಆ ನಡುವಿನ ಕಾಲವೇ ಅಪಾಯದ್ದು. ಬೆಕ್ಕು ಫ್ರಿಜ್ ಹತ್ತುವುದು ಆ ಕಾಲದಲ್ಲೇ.

ಬೆಕ್ಕಿನ ಮೈಕಟ್ಟು ಹೇಗಿದೆ ಎಂದು ತಿಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ನಮಗೆ ಹೆಗಲಿನ ಮುಂದೆ ಕಾಲರ್ ಬೋನ್ ಇದೆ, ಅದು ತೋಳನ್ನು ಎದೆಗೂಡಿಗೆ ಮೂಳೆಯಿಂದಲೇ ಜೋಡಿಸುತ್ತದೆ. ಬೆಕ್ಕಿನಲ್ಲಿ ಅದೇ ಮೂಳೆ ಕಡ್ಡಿಯಷ್ಟು ಸಣ್ಣದಾಗಿ ಮಾಂಸದ ನಡುವೆ ತೇಲಿಕೊಂಡಿರುತ್ತದೆ, ಬೇರೆ ಮೂಳೆಗಳಿಗೆ ಅಂಟಿರುವುದಿಲ್ಲ. ಅಂದರೆ ಅದರ ಮುಂಗಾಲುಗಳು ದೇಹಕ್ಕೆ ಜೋತುಬಿದ್ದಿರುವುದು ಸ್ನಾಯುಗಳ ಮೇಲೆಯೇ. ತಲೆ ತೂರುವಷ್ಟು ಸಂದಿದ್ದರೆ ಮೈಯನ್ನೂ ತೂರಿಸಿಬಿಡಲು ಆಗುವುದು ಇದರಿಂದ. ತನ್ನ ಎತ್ತರದ ನಾಲ್ಕೈದು ಪಟ್ಟು ಮೇಲಿನಿಂದ ಸದ್ದಿಲ್ಲದೆ ಇಳಿಯಲು ಆಗುವುದೂ ಇದರಿಂದ. ಇಳಿದಾಗ ಬೀಳುವ ಭಾರವನ್ನೆಲ್ಲ ಹೆಗಲಿನ ಸ್ನಾಯುಗಳು ತಡೆದುಕೊಳ್ಳುತ್ತವೆ. ಜಾರಿದರೆ, ವಾಲಿ ಬಿದ್ದರೆ, ಮೊದಲು ಹಿಗ್ಗಿ ಹರಿಯುವುದೂ ಅವೇ.

ನಾವಿರುವ ಮುಂಬಯಿಯ ಮನೆಗಳಲ್ಲಿ ಹೀಗೆ ಜಾರಿ ಬೀಳಲು ಅವಕಾಶ ಬೇಕಾದಷ್ಟಿದೆ. ಒಂದು ಕೋಣೆ, ಒಂದು ಅಡುಗೆಮನೆ ಇರುವ ಮನೆಯಲ್ಲಿ ನೆಲವೆಲ್ಲ ನಮಗೇ ಬೇಕು. ಹಾಗಾಗಿ ಬೆಕ್ಕು ಮೇಲೆ ಬದುಕುತ್ತದೆ. ಕಪಾಟಿನ ತಲೆ, ಸೂಟ್‌ಕೇಸುಗಳನ್ನು ತುಂಬಿದ ಲಾಫ್ಟು, ಅಡುಗೆಕಟ್ಟೆ, ಕಿಟಕಿಯ ಗ್ರಿಲ್ಲು. ಮಳೆಗಾಲದ ನಾಲ್ಕು ತಿಂಗಳು ಒಳಗೇ ಬಟ್ಟೆ ಒಣಹಾಕಿರುತ್ತೇವೆ, ಟೈಲ್ಸು ಸದಾ ತೇವ. ಹೊರಗಿನ ಬೆಕ್ಕುಗಳ ಪಾಡು ಇದಕ್ಕಿಂತ ಕಠಿಣ. ಮಳೆ ಹಿಡಿದಾಗ ಅವು ಬೆಚ್ಚಗಿರಲೆಂದು ಕಾರಿನ ಬಾನೆಟ್ಟಿನೊಳಗೆ ನುಸುಳುತ್ತವೆ. ಮೀನು ಮಾರುಕಟ್ಟೆಯ ಹಿಂದೆ ಸರಹದ್ದಿಗಾಗಿ ಕಾದಾಡುತ್ತವೆ. ಮೀನು ಮಾರುವ ಕೋಲಿ ಹೆಂಗಸಿನ ಎದುರು ಕೂತ ಆ ಬೆಕ್ಕುಗಳನ್ನು ಒಮ್ಮೆ ನಿಂತು ನೋಡಿ. ಐದರಲ್ಲಿ ಒಂದಾದರೂ ಕಾಲನ್ನೋ ಕಿವಿಯನ್ನೋ ಕಾಪಾಡಿಕೊಂಡು ಕೂತಿರುತ್ತದೆ.

ಆದರೆ ಕುಂಟುವ ಪ್ರತಿ ಬೆಕ್ಕಿಗೂ ಉಳುಕೇ ಆಗಿರುತ್ತದೆ ಎಂದು ತಿಳಿಯಬಾರದು. ಮನೆ ಆರೈಕೆಗೆ ಮೊದಲು ಕಾರಣ ಯಾವುದೆಂದು ಬಿಡಿಸಿಕೊಳ್ಳಬೇಕು.

ಹೊರಗೆ ಓಡಾಡುವ ಬೆಕ್ಕು ಕುಂಟಿದರೆ ಮೊದಲು ಅನುಮಾನಿಸಬೇಕಾದದ್ದು ಇನ್ನೊಂದು ಬೆಕ್ಕಿನ ಹಲ್ಲನ್ನು. ಬೆಕ್ಕಿನ ಕೋರೆಹಲ್ಲು ಸೂಜಿಯಂಥದು. ಚರ್ಮದ ಮೇಲೆ ಚುಕ್ಕಿಯಷ್ಟೇ ತೂತು ಮಾಡಿ ಬಾಯಿಯ ಬ್ಯಾಕ್ಟೀರಿಯಾಗಳನ್ನು ಆಳಕ್ಕೆ ಇಳಿಸುತ್ತದೆ. ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಎರಡು ಮೂರು ದಿನದಲ್ಲಿ ಕೀವು ತುಂಬುತ್ತದೆ. ಜಗಳ ನಡೆದದ್ದು ಭಾನುವಾರ, ಕುಂಟತೊಡಗಿದ್ದು ಬುಧವಾರ; ಹೀಗಾಗಿ ಎರಡಕ್ಕೂ ನಂಟು ಯಾರಿಗೂ ಹೊಳೆಯುವುದಿಲ್ಲ. ಒಂದೇ ಕಡೆ ಮೆತ್ತಗೆ ಬಿಸಿಯಾಗಿ ಉಬ್ಬಿದ್ದರೆ, ಅಲ್ಲಿ ರೋಮ ಅಂಟಂಟಾಗಿದ್ದರೆ, ಬೆಕ್ಕು ಮಂಕಾಗಿ ಊಟ ಬಿಟ್ಟಿದ್ದರೆ ಅದು ಕುರುವೇ. ವಿಶ್ರಾಂತಿಯಿಂದ ಕುರು ವಾಸಿಯಾಗುವುದಿಲ್ಲ. ಕೀವು ತೆಗೆಯಬೇಕು, ಆ್ಯಂಟಿಬಯಾಟಿಕ್ ಬೇಕು. ಮುಂಬಯಿಯ ಜುಲೈ ಹವೆಯಲ್ಲಿ ತೆರೆದ ಗಾಯಕ್ಕೆ ನೊಣ ಕೂತು ಹುಳು ಬೀಳಲು ಒಂದೆರಡು ದಿನ ಸಾಕು.

ಇನ್ನೊಂದು ಇದಕ್ಕಿಂತ ಘೋರವಾದದ್ದು. ಯಾವ ಪೆಟ್ಟೂ ಬೀಳದೆ, ಚೆನ್ನಾಗಿಯೇ ಇದ್ದ ಬೆಕ್ಕು ಇದ್ದಕ್ಕಿದ್ದಂತೆ ಕಿರುಚಿ ಹಿಂಗಾಲು ಎಳೆಯತೊಡಗಿದರೆ ಆ ಕಾಲನ್ನು ಮುಟ್ಟಿ ನೋಡಿ. ಪಾದ ತಣ್ಣಗಿದ್ದು, ಪಾದದಡಿಯ ಗುಲಾಬಿ ಬಣ್ಣ ಹೋಗಿ ಬೂದಿಯೋ ನೀಲಿಯೋ ಆಗಿದ್ದರೆ ಅದು ಉಳುಕಲ್ಲ, ಹೃದಯದಿಂದ ಹೊರಟ ರಕ್ತದ ಹೆಪ್ಪು ಕಾಲಿನ ನಾಳಕ್ಕೆ ಅಡ್ಡ ನಿಂತಿರುವ ಲಕ್ಷಣ. ಇದರ ಹಿಂದೆ ಹೆಚ್ಚಾಗಿ ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ಇರುತ್ತದೆ. ಈ ಕಾಯಿಲೆ ಕಾಣಿಸಿಕೊಳ್ಳುವ ತಳಿಗಳಲ್ಲಿ ಈಗ ನಮ್ಮ ಫ್ಲ್ಯಾಟುಗಳಲ್ಲಿ ಪ್ರೀತಿಯಿಂದ ಸಾಕುವ ಪರ್ಷಿಯನ್ನೂ ಒಂದು. ‘ನಾಳೆ ಬೆಳಿಗ್ಗೆ ನೋಡೋಣ’ ಎನ್ನುವ ಮಾತು ಇಲ್ಲಿ ನಡೆಯದು.

ಮಹಡಿಯಿಂದ ಬಿದ್ದ ಬೆಕ್ಕು ಎದ್ದು ನಡೆದರೂ ಅದನ್ನು ನಂಬಬೇಡಿ. ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದಕ್ಕೆ ಎತ್ತರದ ಕಟ್ಟಡಗಳಿಂದ ಬಿದ್ದು ಬಂದ 132 ಬೆಕ್ಕುಗಳ ಲೆಕ್ಕವನ್ನು ಅಲ್ಲಿನ ವೈದ್ಯರು 1987ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಶೇಕಡ 90 ಬದುಕಿದವು. ಜನ ನೆನಪಿಟ್ಟುಕೊಂಡದ್ದು ಈ ಅಂಕಿಯನ್ನು ಮಾತ್ರ, ಬೆಕ್ಕಿಗೆ ಒಂಬತ್ತು ಜನ್ಮ ಎನ್ನುವುದಕ್ಕೆ ಪುರಾವೆ ಎಂಬಂತೆ. ಅದೇ ವರದಿಯಲ್ಲಿ ಬಹುಪಾಲು ಬೆಕ್ಕುಗಳ ಎದೆಗೆ ಪೆಟ್ಟು ಬಿದ್ದಿತ್ತು ಎನ್ನುವುದು ಯಾರಿಗೂ ನೆನಪಿಲ್ಲ. ಶ್ವಾಸಕೋಶಕ್ಕೆ ಆದ ಜಜ್ಜುಗಾಯ ಮೊದಲ ಗಂಟೆಗಳಲ್ಲಿ ಹೊರಗೆ ತೋರುವುದಿಲ್ಲ. ಮಲಗಿರುವ ಬೆಕ್ಕು ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಲ ಉಸಿರಾಡುತ್ತದೆ. ಅದು ನಲವತ್ತು ದಾಟಿದರೆ, ಬಾಯಿ ತೆರೆದು ಏದುಸಿರು ಬಿಟ್ಟರೆ, ಒಸಡು ಬೆಳ್ಳಗಾದರೆ ಕಾಲಿನ ಯೋಚನೆ ಬಿಟ್ಟು ಹೊರಡಬೇಕು. ಕಾಲನ್ನು ಒಂದಿಷ್ಟೂ ಊರದಿದ್ದರೆ, ಕಾಲು ಸೊಟ್ಟಗೆ ಕಂಡರೆ ಅದೇ ದಿನ ಎಕ್ಸ್‌ರೇ ಆಗಬೇಕು. ಕಾಲೂರುತ್ತದೆ, ಉಣ್ಣುತ್ತದೆ, ಸುಮ್ಮನೆ ಸ್ವಲ್ಪ ಕುಂಟುತ್ತದೆ ಎಂದಾದರೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ಕಾಯಬಹುದು. ಅಷ್ಟರಲ್ಲಿ ಸುಧಾರಿಸದಿದ್ದರೆ ವೈದ್ಯರಿಗೆ ತೋರಿಸಿ.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಈ ಊರಿನಲ್ಲಿ ಹಳೆಯ ಉತ್ತರವೊಂದಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಬೊಂಬಾಯಿಯ ಸಂಘ ಹುಟ್ಟಿದ್ದು 1874ರಲ್ಲಿ. ಪರೇಲಿನ ಬಾಯಿ ಸಾಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಅದೇ ಸಂಘದ್ದು, ಪಾರ್ಸಿ ಗಿರಣಿ ಮಾಲೀಕ ದಿನ್ಶಾ ಪೆಟಿಟ್ ಅವರ ಹೆಂಡತಿಯ ಹೆಸರಲ್ಲಿ. 1886ರಲ್ಲಿ ಆರಂಭವಾದ ಬಾಂಬೆ ಪಶುವೈದ್ಯ ಕಾಲೇಜೂ ಪರೇಲಿನಲ್ಲೇ ಇದೆ. ಗಾಡಿ ಎಳೆಯುವ ಎತ್ತು ಕುದುರೆಗಳ ಕಾಲದಲ್ಲಿ ಕಟ್ಟಿದ ಈ ಸಂಸ್ಥೆಗಳ ಬಾಗಿಲಲ್ಲಿ ಈಗ ಬುಟ್ಟಿಯಲ್ಲಿ ಬೆಕ್ಕು ಹಿಡಿದವರ ಸಾಲಿರುತ್ತದೆ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ಗಳ ಐದು ಮಹಡಿಯ ಸಣ್ಣ ಪ್ರಾಣಿಗಳ ಆಸ್ಪತ್ರೆ ತೆರೆಯಿತು. ರತನ್ ಟಾಟಾ ಬಹಳ ವರ್ಷಗಳಿಂದ ಬಯಸಿದ್ದ ಆಸ್ಪತ್ರೆ ಅದು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಆದರೆ ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಪರೇಲು ಬಹಳ ದೂರ. ಉಪನಗರದ ರಿಕ್ಷಾ ಬಾಂದ್ರಾ ಅಥವಾ ಸಾಯನ್ ದಾಟಿ ದಕ್ಷಿಣಕ್ಕೆ ಬರುವುದೂ ಇಲ್ಲ. ನೋವಿನಲ್ಲಿರುವ ಬೆಕ್ಕಿಗೆ ಎರಡು ಗಂಟೆಯ ಪ್ರಯಾಣವೇ ಇನ್ನೊಂದು ಪೆಟ್ಟು. ಸಣ್ಣ ಉಳುಕಿಗೆ ಹತ್ತಿರದ ಕ್ಲಿನಿಕ್ಕು ಸಾಕು. ಬೆಕ್ಕು ಚೆನ್ನಾಗಿರುವಾಗಲೇ, ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುವವರು ನಮ್ಮ ಕಡೆ ಯಾರಿದ್ದಾರೆ ಎಂದು ಕೇಳಿ ನಂಬರು ಬರೆದಿಟ್ಟುಕೊಳ್ಳಿ.

ಕರೆದೊಯ್ಯುವಾಗ ತೋಳಲ್ಲಿ ಎತ್ತಿಕೊಂಡು ಹೋಗಬೇಡಿ. ಲೋಕಲ್ ರೈಲಿನ ಹಾರ್ನಿಗೆ ಬೆದರಿದ ಬೆಕ್ಕು ಸೀರೆ ಹರಿದು ನೆಗೆದುಬಿಟ್ಟರೆ ಮತ್ತೆ ಸಿಗುವ ಖಾತ್ರಿಯಿಲ್ಲ. ದಪ್ಪ ಟವೆಲಿನಲ್ಲಿ ಮೈಪೂರ್ತಿ ಸುತ್ತಿ, ಮೇಲಿನಿಂದ ತೆರೆಯುವ ಬುಟ್ಟಿಯಲ್ಲೋ ಕ್ಯಾರಿಯರಿನಲ್ಲೋ ಇಟ್ಟು, ಮೇಲೊಂದು ಬಟ್ಟೆ ಮುಚ್ಚಿ. ಕತ್ತಲಲ್ಲಿ ಅದಕ್ಕೆ ಹೆದರಿಕೆ ಕಡಿಮೆ.

ಈಗ ಔಷಧಿಯ ಮಾತು. ಈ ಬರಹದಲ್ಲಿ ಒಂದೇ ಒಂದು ಪ್ಯಾರಾ ಕತ್ತರಿಸಿ ಫ್ರಿಜ್ಜಿಗೆ ಅಂಟಿಸುವುದಿದ್ದರೆ ಮುಂದಿನದನ್ನು ಅಂಟಿಸಿ ಎಂದು ಕೇಳಿಕೊಳ್ಳುತ್ತೇನೆ.

ಬೆಕ್ಕಿಗೆ ಪ್ಯಾರಸಿಟಮಾಲ್ ಕೊಡಬೇಡಿ. ಕ್ರೋಸಿನ್, ಡೋಲೊ, ಕಾಲ್ಪಾಲ್, ಮಕ್ಕಳ ಜ್ವರದ ಸಿರಪ್ಪು, ಯಾವುದೂ ಬೇಡ. ಅರ್ಧವೂ ಬೇಡ, ಕಾಲೂ ಬೇಡ. ನಮ್ಮ ಯಕೃತ್ತು ಈ ಔಷಧಿಯನ್ನು ಒಂದು ಕಿಣ್ವದ ನೆರವಿನಿಂದ ನಿರಪಾಯ ಮಾಡಿ ಹೊರಹಾಕುತ್ತದೆ. ಬೆಕ್ಕಿನ ವಂಶದಲ್ಲಿ, ಹುಲಿ ಸಿಂಹಗಳಲ್ಲೂ, ಆ ಕಿಣ್ವವನ್ನು ತಯಾರಿಸಬೇಕಾದ ಜೀನು ಕೆಟ್ಟು ಕೂತಿದೆ. ಮಾಂಸವನ್ನೇ ತಿಂದು ಬದುಕುವ ಪ್ರಾಣಿಗೆ ಗಿಡಗಳ ವಿಷ ಕಳೆಯುವ ಅಗತ್ಯ ಬೀಳಲಿಲ್ಲವಾದ್ದರಿಂದ ಹಾಗಾಗಿರಬೇಕೆಂದು ವಿಜ್ಞಾನಿಗಳ ವಿವರಣೆ. ಹೊರಹೋಗಲಾರದ ಔಷಧಿ ಬೆಕ್ಕಿನ ರಕ್ತಕಣಗಳನ್ನೇ ಕೆಡಿಸುತ್ತದೆ, ರಕ್ತ ಆಮ್ಲಜನಕ ಹೊರಲಾರದೆ ಕಂದುಬಣ್ಣಕ್ಕೆ ತಿರುಗುತ್ತದೆ. ಒಸಡು ಚಾಕೊಲೇಟ್ ಬಣ್ಣವಾಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಉಸಿರು ಕಟ್ಟುತ್ತದೆ. 500 ಮಿಲಿಗ್ರಾಮಿನ ಒಂದೇ ಮಾತ್ರೆ ನಾಲ್ಕು ಕಿಲೋ ತೂಕದ ಬೆಕ್ಕನ್ನು ಕೊಲ್ಲಬಲ್ಲದು. ಯಾರಾದರೂ ಕೊಟ್ಟೇಬಿಟ್ಟಿದ್ದರೆ ಮುಚ್ಚಿಡದೆ, ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರಿ ಎಂದು ವೈದ್ಯರಿಗೆ ಹೇಳಿ ತಕ್ಷಣ ಕರೆದೊಯ್ಯಿರಿ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಬೇಗ ಸಿಕ್ಕಷ್ಟೂ ಒಳ್ಳೆಯದು.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಕೂಡ ಬೇಡ. ಡೈಕ್ಲೊಫೆನಾಕ್ ಈ ಊರಿಗೆ ಬೇರೆ ರೀತಿಯಲ್ಲೂ ಗೊತ್ತು. ಜಾನುವಾರುಗಳ ನೋವಿಗೆಂದು ಕೊಟ್ಟ ಅದೇ ಔಷಧಿ, ಸತ್ತ ದನಗಳ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಲ್ಲಿ ಅವು ನಿರ್ನಾಮವಾಗುವ ಹಂತಕ್ಕೆ ತಂದಿತು. 2006ರಲ್ಲಿ ಪಶುಗಳಿಗೆ ಅದನ್ನು ಬಳಸುವುದನ್ನು ನಿಷೇಧಿಸುವ ಹೊತ್ತಿಗೆ ಮಲಬಾರ್ ಹಿಲ್ಲಿನ ಪಾರ್ಸಿಗಳ ಮೌನಗೋಪುರಗಳ ಮೇಲೆ ರಣಹದ್ದುಗಳು ಸುತ್ತುವುದು ನಿಂತೇ ಹೋಗಿತ್ತು. ಒಂದು ಜೀವಿಗೆ ಹಿತವಾದದ್ದು ಇನ್ನೊಂದಕ್ಕೆ ವಿಷವಾಗಬಲ್ಲದು ಎನ್ನುವುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಅದು.

ನುಂಗಿಸುವುದಷ್ಟೇ ಅಪಾಯವಲ್ಲ, ಹಚ್ಚುವುದೂ ಅಪಾಯ. ನಮ್ಮ ಎದುರು ಮನೆಯ ಬೆಕ್ಕು ಒದ್ದೆ ಕಟ್ಟೆಯಿಂದ ಜಾರಿ ಮುಂಗಾಲು ಉಳುಕಿಸಿಕೊಂಡಾಗ ಆ ಮನೆಯ ಅಜ್ಜಿ, ಕುಂದಾಪುರದ ಕಡೆಯವರು, ನೀಲಗಿರಿ ಎಣ್ಣೆಯ ಬಾಟಲಿ ಹಿಡಿದೇ ಬಂದಿದ್ದರು. ‘ಸ್ವಲ್ಪ ಬಿಸಿ ಮಾಡಿ ತಿಕ್ಕಿದ್ರೆ ನಾಳೆಗೆ ಓಡಾಡ್ತದೆ ಮಗಾ, ನಿಮ್ಮನ್ನೆಲ್ಲ ಹಾಗೇ ಸಾಕಿದ್ದಲ್ವಾ’ ಎಂದರು. ‘ನಮಗೆ ಸರಿ ಅಮ್ಮ, ನಾವು ಮೈ ನೆಕ್ಕೋದಿಲ್ಲ. ಅದು ಐದು ನಿಮಿಷದಲ್ಲಿ ಎಲ್ಲ ನೆಕ್ಕಿ ಹೊಟ್ಟೆಗೆ ಹಾಕ್ಕೊಳ್ತದೆ’ ಎಂದೆ. ಅವರು ಬಾಟಲಿಗೆ ಮುಚ್ಚಳ ಹಾಕಿ, ಬೆಕ್ಕಿನ ಪಕ್ಕ ನೆಲದ ಮೇಲೆ ಕೂತು ಅದರ ಗದ್ದ ತುರಿಸತೊಡಗಿದರು. ಅದು ಯಾವ ಎಣ್ಣೆಗಿಂತಲೂ ಒಳ್ಳೆಯ ಚಿಕಿತ್ಸೆ. ನೀಲಗಿರಿ, ಕರ್ಪೂರ, ಟೀ ಟ್ರೀ ಎಣ್ಣೆ, ನೋವಿನ ಬಾಮುಗಳಲ್ಲಿರುವ ಸ್ಯಾಲಿಸಿಲೇಟು, ಗಾಯ ತೊಳೆಯುವ ಡೆಟ್ಟಾಲು, ಇವೆಲ್ಲ ಬೆಕ್ಕಿಗೆ ವಿಷವೇ. ಸ್ಯಾಲಿಸಿಲೇಟು ನಮ್ಮ ಮೈಯಿಂದ ಗಂಟೆಗಳಲ್ಲಿ ಹೋದರೆ ಬೆಕ್ಕಿನ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ನಾವು ನಮಗೇ ಹಚ್ಚಿಕೊಂಡ ಮುಲಾಮೂ ಅಪಾಯ ತರಬಹುದು. ಫ್ಲರ್ಬಿಪ್ರೊಫೆನ್ ಎಂಬ ನೋವಿನ ಔಷಧಿಯನ್ನು ತಮ್ಮ ಮೈಗೆ ಹಚ್ಚಿಕೊಂಡವರ ಮನೆಗಳಲ್ಲಿ ಬೆಕ್ಕುಗಳು ಕಾಯಿಲೆ ಬಿದ್ದು ಕೆಲವು ಸತ್ತದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಕೆ ಕೊಟ್ಟಿತು. ಮಂಡಿಗೆ ಜೆಲ್ ಹಚ್ಚಿಕೊಂಡ ಮೇಲೆ ಕೈ ತೊಳೆದೇ ಬೆಕ್ಕನ್ನು ಮುಟ್ಟಿ. ಹಚ್ಚಿದ ಜಾಗವನ್ನು ಅದು ನೆಕ್ಕಲು, ಅದಕ್ಕೆ ಮೈ ಉಜ್ಜಲು ಬಿಡಬೇಡಿ.

ಹಾಗೆಂದು ಬೆಕ್ಕು ನೋವು ತಿನ್ನುತ್ತಾ ಬಿದ್ದಿರಬೇಕೆಂದಲ್ಲ. ವೈದ್ಯರ ಹತ್ತಿರ ಅದಕ್ಕೆ ಸರಿಹೊಂದುವ ಔಷಧಿಗಳಿವೆ. ಮೆಲೊಕ್ಸಿಕ್ಯಾಮನ್ನು ತೂಕ ನೋಡಿ ಹನಿ ಲೆಕ್ಕದಲ್ಲಿ ಬರೆದುಕೊಡುತ್ತಾರೆ. ಹೇಳಿದ ದಿನಕ್ಕಿಂತ ಒಂದು ದಿನವೂ ಹೆಚ್ಚು ಕೊಡಬಾರದು. ನೀರು ಕುಡಿಯದ, ಊಟ ಬಿಟ್ಟ ಬೆಕ್ಕಿಗೆ ಅದರಿಂದ ಮೂತ್ರಪಿಂಡ ಕೆಡಬಹುದು. ಮನೆಯಲ್ಲಿ ನಾಯಿಗೆಂದು ತಂದ ಬಾಟಲಿ ಇದೆಯಲ್ಲ ಎಂದು ಅದನ್ನೇ ಹಾಕಬೇಡಿ. ನಾಯಿಯ ಸಿರಪ್ಪು ಬೆಕ್ಕಿನದಕ್ಕಿಂತ ಮೂರು ಪಟ್ಟು ಗಾಢವಾಗಿರುವುದುಂಟು.

ನೋವು ಎಷ್ಟಿದೆ ಎಂದು ತಿಳಿಯುವುದು ಹೇಗೆ? ಬೆಕ್ಕು ಹೆಚ್ಚಾಗಿ ನರಳುವುದಿಲ್ಲ. ತಾನೂ ಇನ್ನೊಬ್ಬರಿಗೆ ಬೇಟೆಯಾಗಬಲ್ಲ ಸಣ್ಣ ಪ್ರಾಣಿ ಅದು, ನೋವನ್ನು ತೋರಗೊಡದಿರುವುದು ಅದರ ಹುಟ್ಟುಗುಣ. ಗುರ್‌ಗುಟ್ಟುತ್ತಿದೆ, ಸುಖವಾಗಿದೆ ಎಂದುಕೊಳ್ಳುವಂತೆಯೂ ಇಲ್ಲ, ನೋವಿನಲ್ಲೂ ಬೆಕ್ಕು ಗುರ್‌ಗುಡುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಇದಕ್ಕೊಂದು ಅಳತೆ ಪ್ರಕಟಿಸಿದರು. ಬೆಕ್ಕಿನ ಮುಖದ ಐದು ಸಂಗತಿಗಳನ್ನು ನೋಡುವುದು: ಕಿವಿ, ಕಣ್ಣು, ಮೂತಿ, ಮೀಸೆ, ತಲೆ. ನೆಮ್ಮದಿಯಾಗಿರುವ ಬೆಕ್ಕಿನ ಕಿವಿ ಮುಂದಕ್ಕೆ ನೆಟ್ಟಗಿರುತ್ತದೆ, ನೋವಿರುವಾಗ ಚಪ್ಪಟೆಯಾಗಿ ಪಕ್ಕಕ್ಕೆ ಹೊರಳುತ್ತದೆ. ಕಣ್ಣು ಕಿರಿದಾಗುತ್ತದೆ, ದುಂಡಗಿದ್ದ ಮೂತಿ ಬಿಗಿದು ಉದ್ದವಾಗುತ್ತದೆ, ಸಡಿಲವಾಗಿ ಬಾಗಿದ್ದ ಮೀಸೆ ನೇರವಾಗಿ ಸೆಟೆದು ಮುಂದಕ್ಕೆ ಚಾಚುತ್ತದೆ, ತಲೆ ಹೆಗಲಿಗಿಂತ ಕೆಳಗೆ ಇಳಿಯುತ್ತದೆ. ಒಂದೊಂದಕ್ಕೂ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತು. ನಾಲ್ಕು ಮುಟ್ಟಿದರೆ ನೋವಿನ ಔಷಧಿ ಬೇಕಾಗಬಹುದು ಎಂದು ಅರ್ಥ. ಮನೆಯಲ್ಲಿ ಅಂಕ ಹಾಕುತ್ತಾ ಕೂರಬೇಕಿಲ್ಲ. ದಿನಾ ಬೆಳಿಗ್ಗೆ ಎದುರಿನಿಂದ ಒಂದು ಫೋಟೊ, ನಾಲ್ಕು ಹೆಜ್ಜೆ ನಡೆಯುವಾಗಿನ ಒಂದು ವೀಡಿಯೊ ತೆಗೆದಿಟ್ಟುಕೊಳ್ಳಿ. ಕ್ಲಿನಿಕ್ಕಿನ ಮೇಜಿನ ಮೇಲೆ ಹೆದರಿ ಮುದುಡಿ ಕುಂಟುವುದನ್ನೇ ಮರೆತುಬಿಡುವ ಬೆಕ್ಕಿನ ವಿಷಯದಲ್ಲಿ ವೈದ್ಯರಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ.

ಇನ್ನು ವಿಶ್ರಾಂತಿ. ನಾಯಿಗಾದರೆ ‘ಕೂತ್ಕೋ’ ಎಂದರೆ ಸ್ವಲ್ಪವಾದರೂ ಕೂರುತ್ತದೆ. ಬೆಕ್ಕಿಗೆ ವಿಶ್ರಾಂತಿ ಕೊಡಬೇಕಾದರೆ ಮನೆಯನ್ನೇ ಬದಲಿಸಬೇಕು. ಹಾರಲು ಏನೂ ಇಲ್ಲದ ಜಾಗ ಬೇಕು. ಹಳ್ಳಿಯ ಮನೆಯಲ್ಲಿ ಒಂದು ಕೋಣೆ ಖಾಲಿ ಮಾಡಿ ಬಾಗಿಲು ಹಾಕಬಹುದು. ಇಲ್ಲಿ ಇರುವುದೇ ಒಂದೂವರೆ ಕೋಣೆ. ದೊಡ್ಡ ನಾಯಿಗೆಂದು ಮಾರುವ ಮಡಚುವ ತಂತಿಯ ಪಂಜರ ಇದಕ್ಕೆ ಹೇಳಿಮಾಡಿಸಿದ್ದು. ಕೊಳ್ಳಬೇಕೆಂದೂ ಇಲ್ಲ, ಬೆಕ್ಕು ನಾಯಿ ಸಾಕುವವರು ಈಗ ಪ್ರತಿ ಸೊಸೈಟಿಯಲ್ಲಿದ್ದಾರೆ, ಕೇಳಿದರೆ ಕೊಡುತ್ತಾರೆ.

ಎದುರು ಮನೆಯಲ್ಲಿ ಅದೂ ಇರಲಿಲ್ಲ. ಆ ಮನೆಯ ಸೊಸೆ ಊಟದ ಮೇಜಿನ ನಾಲ್ಕು ಕಾಲಿಗೂ ಸುತ್ತ ಹಳೆಯ ಸೊಳ್ಳೆಪರದೆಯನ್ನು ಬಿಗಿಯಾಗಿ ಕಟ್ಟಿ, ಒಂದು ಬದಿಗೆ ಬಟ್ಟೆಪಿನ್ನುಗಳಿಂದ ಬಾಗಿಲು ಮಾಡಿದಳು. ಒಳಗೆ ನೆಲಕ್ಕೆ ಹಳೆಯ ಯೋಗದ ಚಾಪೆ, ಕಾಲು ಜಾರದಿರಲೆಂದು. ಒಂದು ಮೂಲೆಯಲ್ಲಿ ಹಾಪೂಸ್ ಮಾವಿನ ಹಣ್ಣು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಅದರೊಳಗೆ ತನ್ನದೇ ಹಳೆಯ ಕುರ್ತಾ ಹಾಸಿದಳು. ಎದುರು ಮೂಲೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯ ಅಗಲ ಮುಚ್ಚಳವನ್ನು ಮಗುಚಿ ಮರಳು ಹಾಕಿಟ್ಟಳು. ಎತ್ತರ ಅಂಚಿನ ಟ್ರೇ ಆದರೆ ಕುಂಟುಕಾಲಿನ ಬೆಕ್ಕು ಹತ್ತಲಾರದೆ ತಡೆಹಿಡಿದುಕೊಳ್ಳುತ್ತದೆ ಎಂದು. ನೀರು, ಅನ್ನ ಮಧ್ಯದಲ್ಲಿ. ಬೆಕ್ಕು ಒಂದು ರಾತ್ರಿ ಕೂಗಾಡಿತು. ಮರುದಿನ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿಕೊಂಡು ಮೂಗಿನ ಮೇಲೆ ಬಾಲ ಹಾಕಿಕೊಂಡು ಮಲಗಿತ್ತು.

ಆ ಪೆಟ್ಟಿಗೆಯನ್ನು ಸಣ್ಣ ವಿಷಯವೆಂದು ಬಿಡಬಾರದು. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ, ಆಶ್ರಯತಾಣಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಪೆಟ್ಟಿಗೆ ಸಿಕ್ಕವು ಹೆದರಿಕೆಯಿಂದ ಬೇಗ ಹೊರಬಂದವು. ಅಡಗಲು ಜಾಗವಿದೆ ಎಂದಾದರೆ ಬೆಕ್ಕು ಪರದಾಡುವುದಿಲ್ಲ, ಪರದಾಡದಿದ್ದರೆ ಕಾಲಿಗೆ ಎಳೆತವಿಲ್ಲ.

ಮೊದಲ ಎರಡು ಮೂರು ದಿನ, ಬೆಕ್ಕು ಒಪ್ಪಿದರೆ, ಐಸನ್ನು ಟವೆಲಿನಲ್ಲಿ ಸುತ್ತಿ ಐದು ಹತ್ತು ನಿಮಿಷ ಊತದ ಮೇಲೆ ಹಿಡಿಯಬಹುದು. ಒಪ್ಪದಿದ್ದರೆ ಬಿಡಿ, ಒದ್ದಾಡಿಸಿ ಐಸು ಹಿಡಿದರೆ ಲಾಭಕ್ಕಿಂತ ನಷ್ಟ ಹೆಚ್ಚು. ಮನೆಯಲ್ಲಿ ಬ್ಯಾಂಡೇಜ್ ಮಾತ್ರ ಕಟ್ಟಬೇಡಿ. ಬಿಗಿ ಹೆಚ್ಚಾದರೆ ರಕ್ತ ನಿಂತು ಪಾದ ಊದಿ ಕೊಳೆಯುವವರೆಗೂ ಹೋಗುತ್ತದೆ. ಉಳುಕು ತೆಗೆಯುತ್ತೇನೆಂದು ಕಾಲು ಎಳೆಯುವವರ ಕೈಗೂ ಕೊಡಬೇಡಿ.

ಊಟದ ಮೇಲೆ ಕಣ್ಣಿರಲಿ. ಮನುಷ್ಯ ಎರಡು ದಿನ ಉಪವಾಸ ಮಾಡಿದರೆ ಏನೂ ಆಗುವುದಿಲ್ಲ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಪೂರ್ತಿ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಜೀವಕ್ಕೇ ಕುತ್ತು ತರುತ್ತದೆ. ಬಂಗುಡೆಯನ್ನು ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು, ಬೆಚ್ಚಗಿರುವಾಗ ಮೂಗಿನ ಹತ್ತಿರ ಹಿಡಿಯಿರಿ. ವಾಸನೆಗೆ ಹಸಿವು ಏಳುತ್ತದೆ. ಗಂಡುಬೆಕ್ಕಾದರೆ ಮರಳನ್ನೂ ನೋಡುತ್ತಿರಿ. ಪಂಜರದ ಬೇಸರ, ಹೆದರಿಕೆಗಳಿಂದ ಕೆಲವಕ್ಕೆ ಮೂತ್ರ ಕಟ್ಟುತ್ತದೆ. ಮತ್ತೆ ಮತ್ತೆ ಹೋಗಿ ಕೂತು, ತಿಣುಕಿ, ಒಂದು ಹನಿಯೂ ಬಾರದಿದ್ದರೆ ಅದು ಕಾಲಿನ ಗಾಯಕ್ಕಿಂತ ಬಹಳ ದೊಡ್ಡ ತುರ್ತು.

ನೋವಿನಲ್ಲಿರುವ ಬೆಕ್ಕು ಮನೆಯವರನ್ನೂ ಕಚ್ಚುತ್ತದೆ. ಕಚ್ಚಿದರೆ ಗಾಯವನ್ನು ನಲ್ಲಿಯ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಡಾಕ್ಟರಿಗೆ ತೋರಿಸಿ. ರೇಬಿಸ್ ಲಸಿಕೆಯ ಮಾತು ಅವರೇ ಹೇಳುತ್ತಾರೆ. ಬೆಕ್ಕಿನ ಹಲ್ಲಿನ ಗಾಯ ಮೇಲೆ ಎಷ್ಟೇ ಸಣ್ಣದಿರಲಿ ಕೈಯಲ್ಲೂ ಕೀವು ಮಾಡಬಲ್ಲದು. ಬಿಲ್ಡಿಂಗಿನ ಕೆಳಗಿನ ಬೀದಿ ಬೆಕ್ಕು ಕುಂಟುತ್ತಿದ್ದರೆ ಬರಿಗೈಯಲ್ಲಿ ಹಿಡಿಯಲು ಹೋಗಲೇಬೇಡಿ. ದಿನಾ ಅದಕ್ಕೆ ಅನ್ನ ಹಾಕುವವರು ಯಾರೆಂದು ವಾಚ್‌ಮನ್‌ಗೆ ಗೊತ್ತಿರುತ್ತದೆ. ಅವರ ಕೈಗೆ ಅದು ಬರುತ್ತದೆ. ಕರೆದೊಯ್ಯಲಾಗದಿದ್ದರೆ ಮೆಟ್ಟಿಲ ಕೆಳಗೆ ಮಳೆ ಬೀಳದ ಕಡೆ ಪೆಟ್ಟಿಗೆಯೊಂದನ್ನಿಟ್ಟು ಊಟವನ್ನು ಅಲ್ಲಿಗೇ ತಲುಪಿಸಿದರೂ ಓಡಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಬೆಕ್ಕನ್ನು ಹೀಗೆ ಕೂಡಿಹಾಕುವುದು ಎಷ್ಟು ದಿನ? ಸಣ್ಣ ಉಳುಕಿಗೆ ಸಾಮಾನ್ಯವಾಗಿ ಎರಡು ವಾರ. ಆದರೆ ಕುಂಟತೊಡಗಿದ ದಿನದಿಂದ ಎಣಿಸಿ ಕೈಬಿಡಬೇಡಿ. ಕುಂಟುವುದು ನಿಂತ ಮೇಲೂ ವಾರವೋ ಹತ್ತು ದಿನವೋ ಮುಂದುವರಿಸುವುದು ಕ್ಷೇಮ, ಬೆಕ್ಕು ಎಷ್ಟೇ ಗೋಗರೆಯಲಿ. ಆಮೇಲೆ ಮೇಜಿನಡಿಯಿಂದ ಒಂದು ಕೋಣೆಗೆ, ಮತ್ತೆ ಇಡೀ ಮನೆಗೆ. ಕಪಾಟಿನ ಪಕ್ಕ ಮೊದಲು ಸ್ಟೂಲು, ಸ್ಟೂಲಿನ ಪಕ್ಕ ಗಿಡ್ಡ ಮಣೆ, ಹೀಗೆ ಮೆಟ್ಟಿಲು ಮಾಡಿಕೊಟ್ಟರೆ ಒಂದೇ ನೆಗೆತಕ್ಕೆ ಹಾರುವುದಿಲ್ಲ, ಇಳಿಯುವಾಗಲೂ ಹೆಗಲಿಗೆ ಪೆಟ್ಟಾಗುವುದಿಲ್ಲ. ತಿಂಗಳು ಕಳೆದರೂ ಮಲಗಿ ಎದ್ದಾಗ ಕುಂಟಿದರೆ ಮತ್ತೆ ತೋರಿಸಿ, ಒಳಗೆ ರಜ್ಜು ಪೂರ್ತಿ ಹರಿದಿರಬಹುದು.

ಬೆಕ್ಕು ಮೇಜಿನಡಿ ಇರುವ ಈ ಎರಡು ವಾರದಲ್ಲೇ, ಮುಂದೆ ಬೀಳದಂತೆ, ಕಿಟಕಿಯ ಕೆಲಸವನ್ನೂ ಮುಗಿಸಿಕೊಳ್ಳಿ. ನಮ್ಮ ಗ್ರಿಲ್ಲುಗಳು ಕಳ್ಳನನ್ನು ತಡೆಯುತ್ತವೆಯೇ ಹೊರತು ಬೆಕ್ಕನ್ನಲ್ಲ, ಆ ಸಂದುಗಳಲ್ಲಿ ಅದು ಸಲೀಸಾಗಿ ತೂರುತ್ತದೆ. ಪಾರಿವಾಳಕ್ಕೆಂದು ಹಾಕುವ ತೆಳು ನೈಲಾನ್ ನೆಟ್ಟನ್ನೇ ಎಲ್ಲರೂ ನೆಚ್ಚಿಕೊಂಡಿದ್ದಾರೆ. ಬಿಸಿಲು ಮಳೆಗೆ ಅದು ಬಳಲುತ್ತದೆ, ಹೊರಗೆ ಪಾರಿವಾಳ ಕೂತದ್ದು ಕಂಡು ಬೆಕ್ಕು ಒಂದು ಸಲ ಎಗರಿದರೆ ಮೂಲೆಯ ಕೊಕ್ಕೆ ಕಿತ್ತುಬರುತ್ತದೆ. ನೆಟ್ಟಿನವರನ್ನು ಕರೆಸುವಾಗ ಬೆಕ್ಕಿದೆ ಎಂದು ಮೊದಲೇ ಹೇಳಿ. ದಪ್ಪ ದಾರದ್ದು ಅಥವಾ ಸಣ್ಣ ಕಣ್ಣಿನ ತಂತಿಯ ಜಾಲರಿ ಬೇಕು, ಕೊಕ್ಕೆಗಳು ಗೇಣಿಗೊಂದರಂತೆ ಗೋಡೆಗೆ ಇಳಿದಿರಬೇಕು. ಹಾಕಿ ಮುಗಿದ ಮೇಲೆ, ಕೆಲಸದವರು ಇನ್ನೂ ಅಲ್ಲಿರುವಾಗಲೇ, ನಾಲ್ಕೂ ಮೂಲೆಗಳನ್ನು ಕೈಯಿಂದ ಜಗ್ಗಿ ನೋಡಿ.